ಪಣಂಬೂರಿನಲ್ಲಿ ಅಪ್ಪನ ಊಟ

ಹಾಸನದಿಂದ ಮಂಗಳೂರಿನ ಬಸ್ಸು ಹೊರಟಾಗ ಶನಿವಾರ ಬೆಳಿಗ್ಗೆ ಆರೂ ಕಾಲು. ಆಧಾರ್ ತೋರಿಸಿದ್ದಕ್ಕೆ ನನಗೆ ಟಿಕೆಟ್ ಪುಕ್ಕಟೆ, ಅಪ್ಪನಿಗೆ ವಯಸ್ಸಿನ ರಿಯಾಯಿತಿ. ದಾರಿ ನೂರ ಎಪ್ಪತ್ತು ಕಿಲೋಮೀಟರ್ ಆಸುಪಾಸು. ಮೋಡ ಕವಿದು ಊರೆಲ್ಲ ಮಂಕಾಗಿತ್ತು. ಅವ್ವ ಮಂಡಿನೋವೆಂದು ಮನೆಯಲ್ಲೇ ಉಳಿದಿದ್ದಳು. "ನೀವಿಬ್ರೇ ಓಗ್ಬನ್ನಿ. ಏನ್ ನೋಡುದ್ರಿ, ಏನ್ ಉಂಡ್ರಿ ಅಂತ ಬಂದು ಯೋಳಿ, ಅಷ್ಟು ಸಾಕು" ಅಂದಿದ್ದಳು.

ನೋಡುವುದು ಬರೀ ನೆಪ. ನಾವು ಹೊರಟದ್ದು ಉಣ್ಣುವುದಕ್ಕೆ. ಅಪ್ಪನಿಗೆ ಅರವತ್ತೆಂಟು. ಹಾಸನದ ಮಂಡಿಯಲ್ಲಿ ಆಲೂಗಡ್ಡೆ ಮೂಟೆ ಹೊತ್ತು ನನ್ನನ್ನು ಓದಿಸಿದವನು. ನಾನೀಗ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಮೂವರೂ ಹಾಸನದಲ್ಲೇ ಬಾಡಿಗೆ ಮನೆಯಲ್ಲಿದ್ದೇವೆ. ಆದರೂ ಅಪ್ಪ ಅಲ್ಲಿಯ ಒಂದು ಹೋಟೆಲಿನೊಳಕ್ಕೂ ಕಾಲಿಟ್ಟವನಲ್ಲ. ಕಟ್ಟಾಯದ ಕಡೆಯ ನಮ್ಮ ಹಳ್ಳಿಯಲ್ಲಿ ಅವನ ಕಾಲಕ್ಕೆ ಕಾಲೋನಿಯವರಿಗೆ ಟೀ ಕೊಡುತ್ತಿದ್ದದ್ದು ಜಗಲಿಯ ಕೆಳಗೆ. ಕುಡಿದ ಲೋಟವನ್ನು ಕುಡಿದವರೇ ತೊಳೆದು ಸೂರಿನ ಸಂದಿಗೆ ಸಿಕ್ಕಿಸಬೇಕಿತ್ತು. ಮನೆಯಲ್ಲಿ ಬುದ್ಧನ ಪಟ ಇಟ್ಟು ಇಪ್ಪತ್ತು ವರ್ಷವಾಯಿತು; ಊರವರಿಗೆ ಮಾತ್ರ ನಾವಿನ್ನೂ ಕಾಲೋನಿಯವರೇ.

ನಮ್ಮ ಕಡೆ ಯಾವೂರು ಎಂದು ಕೇಳಿದವರು ಅಲ್ಲಿಗೇ ಬಿಡುವುದಿಲ್ಲ, ಯಾರ ಪೈಕಿ ಎಂದೂ ಕೇಳುತ್ತಾರೆ. ಜಾತಿ ಎಂಬ ಮಾತು ಬಾಯಿಗೆ ಬಾರದಂತೆ ಜಾತಿ ಕೇಳುವ ಬಗೆ ಅದು. ಹಾಸನದ ಹೋಟೆಲಿನಲ್ಲಿ ಊರಿನವರು ಯಾರಾದರೂ ಸಿಕ್ಕೇ ಸಿಗುತ್ತಾರೆಂದು ಅಪ್ಪನ ಅಳುಕು. "ಗುರುತಿಲ್ದಿದ್ ಊರಲ್ಲಿ ಒಂದಿನ ಕುಂತು ಉಂಬೇಕು ಕಣವ್ವ. ಯಾರೂ ಏನೂ ಕೇಳ್ಬಾರ್ದು" ಎಂದು ಹೇಳುತ್ತಲೇ ಇದ್ದ. ಪಣಂಬೂರು ಬೀಚಿನ ಹತ್ತಿರ ತಿನ್ನಲು ಬೇಕಾದಷ್ಟಿದೆ ಎಂದು ಕಚೇರಿಯಲ್ಲಿ ಯಾರೋ ಅಂದರು. ಎರಡನೇ ಶನಿವಾರದ ರಜೆಗೆ ಅಪ್ಪನನ್ನು ಹೊರಡಿಸಿಯೇಬಿಟ್ಟೆ.

ಸಕಲೇಶಪುರದಲ್ಲಿ ತಿಂಡಿಗೆ ನಿಲ್ಲಿಸಿದರು. ಅಪ್ಪ ಇಳಿಯಲಿಲ್ಲ. "ಇದೂ ನಮ್ಮ ಜಿಲ್ಲೇನೇಯ" ಅಂದ. ನನಗೆ ಸಿಟ್ಟು ಬಂದು ಒಬ್ಬಳೇ ಇಳಿದು ಇಡ್ಲಿ ತಿಂದೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಚೆನ್ನಾಗಿಯೇ ಇತ್ತು. ಶಿರಾಡಿ ಘಾಟಿಯಲ್ಲಿ ಲಾರಿಗಳ ಸಾಲು. ಬಸ್ಸು ತೆವಳಿಕೊಂಡು ಇಳಿಯಿತು. ಮಂಗಳೂರು ಮುಟ್ಟಿದಾಗ ಹನ್ನೆರಡೂವರೆ ದಾಟಿತ್ತು. ಅಂಗಿ ಬೆನ್ನಿಗೆ ಅಂಟುವ ಸೆಕೆ.

ಸಿಟಿ ಬಸ್ಸಿನಲ್ಲಿ ಪಣಂಬೂರಿಗೆ ಹೋಗಿ, ಹೆದ್ದಾರಿಯಿಂದ ಕಡಲಿಗೆ ಆಟೋ ಹಿಡಿದೆವು. ನೀರು, ಆಕಾಶ ಎರಡೂ ಬೂದಿ ಬಣ್ಣ. ಕೆಂಪು ಬಾವುಟ ನೆಟ್ಟಿದ್ದರು. ಕಾವಲಿನವನೊಬ್ಬ ಸೀಟಿ ಊದಿ ಊದಿ ಜನರನ್ನು ಹಿಂದಕ್ಕೆ ಕರೆಯುತ್ತಿದ್ದ. ಅಪ್ಪ ಸಮುದ್ರವನ್ನು ಒಂದು ನಿಮಿಷ ನೋಡಿದ. "ಸಿಕ್ಕಾಪಟ್ಟೆ ನೀರು ಕಣವ್ವ" ಎಂದವನೇ ಗಾಡಿಗಳ ಕಡೆ ತಿರುಗಿದ.

ಮೊದಲು ಚುರುಮುರಿ. ಗಾಡಿಯ ಹೆಂಗಸು ಮಂಡಕ್ಕಿ, ಈರುಳ್ಳಿ, ಮಾವಿನಕಾಯಿ ಎಲ್ಲ ಕಲಸುತ್ತಾ, "ಖಾರ ಎಷ್ಟು ಹಾಕ್ಲಿ?" ಎಂದು ಕೇಳಿದಳು. ಅಪ್ಪ ಪೊಟ್ಟಣ ಹಿಡಿದು ಮರಳಲ್ಲಿ ಕೂತ.

"ಅವ್ಳು ಕೇಳಿದ್ ನೋಡ್ದಾ?" ಅಂದ. "ಖಾರ ಎಷ್ಟು ಅಂತ. ಅಷ್ಟೇಯ."

ಮತ್ತೊಂದು ಪೊಟ್ಟಣ ಬೇಕೆಂದು ತಾನೇ ಎದ್ದು ಹೋದ. ಆಮೇಲೆ ಉಪ್ಪು ಖಾರ ಸವರಿದ ಅನಾನಸ್, ಬಿಸಿ ಗೋಳಿಬಜೆ. ಮೂರು ಗಂಟೆಗೆ ತಗಡಿನ ಮಾಡಿನ ಮೀನೂಟದ ಹೋಟೆಲಿಗೆ ಹೊಕ್ಕೆವು. ಜಾಗವಿಲ್ಲದೆ ಅಪ್ಪ ಗುರುತು ಪರಿಚಯ ಇಲ್ಲದ ಮೂವರ ನಡುವೆ ಕೂರಬೇಕಾಯಿತು. ಅವರಲ್ಲೊಬ್ಬರು ಉಪ್ಪಿನಕಾಯಿ ಬಟ್ಟಲನ್ನು ಅವನ ಕಡೆ ಸರಿಸಿದರು. ಬಡಿಸುವವನು ಕೇಳಿದ್ದು ಬಂಗುಡೆ ಬೇಕಾ ಅಂಜಲ್ ಬೇಕಾ ಎಂದಷ್ಟೇ. ನನಗೆ ಕಣ್ಣು ತುಂಬಿ ಬಂತು. ಆದರೆ ಕುಚ್ಚಲಕ್ಕಿ ಅನ್ನ ಅಪ್ಪನಿಗೆ ಒಗ್ಗಲಿಲ್ಲ. ಅವತ್ತು ರಾತ್ರಿ ಲಾಡ್ಜಿನಲ್ಲಿ ಹೊಟ್ಟೆ ಹಿಡಿದುಕೊಂಡೇ ಮಲಗಿದ.

ಭಾನುವಾರ ಹನಿ ಮಳೆ. ಅಪ್ಪ ಬೆಳಿಗ್ಗೆ ಏನೂ ತಿನ್ನಲಿಲ್ಲ. ಇನ್ನೊಂದು ಸಲ ನೀರು ನೋಡಿಕೊಂಡು ಹೊರಡೋಣ ಅಂದ. ಬೀಚಿನಿಂದ ವಾಪಸು ಬರುವಾಗ ರಸ್ತೆ ಬದಿಯಲ್ಲಿ ಒಂದು ಬೋರ್ಡು ಕಂಡಿತು: ರಾಗಿ ಮುದ್ದೆ, ನಾಟಿ ಕೋಳಿ ಸಾರು. ನಾನು ಕುಣಿದಾಡಿಬಿಟ್ಟೆ. ಅಪ್ಪ ನಿಂತಲ್ಲೇ ನಿಂತ.

"ಬ್ಯಾಡ ಕಣವ್ವ. ನಿನ್ನೆ ಉಂಡ ತಾವ್ಲೇ ಓಗಾನ."

"ನಿನ್ನೆ ರಾತ್ರಿಯಿಂದ ಹೊಟ್ಟೆಗೆ ಏನೂ ಇಲ್ಲ ನಿಂಗೆ. ಬಾ ಸುಮ್ನೆ" ಎಂದು ಕೈ ಹಿಡಿದು ಎಳೆದುಕೊಂಡು ಹೋದೆ. ತಪ್ಪು ನನ್ನದೇ.

ಮುದ್ದೆ ಬಂತು, ಹೊಗೆಯಾಡುವ ಸಾರು ಬಂತು. ಅಪ್ಪ ಎರಡು ತುತ್ತು ನುಂಗಿದ ಮೇಲೆ ಮುಖ ಅರಳಿತು. ನಲವತ್ತು ದಾಟಿದ ಅಂಗಡಿಯಾತ ಸೌಟು ಹಿಡಿದೇ ಹತ್ತಿರ ಬಂದ.

"ಯಾವೂರವ್ವ ನಿಮ್ದು? ಮಾತು ನಮ್ಮ ಕಡೇದಿದ್ದಂಗದಲ್ಲ!"

"ಹಾಸನ" ಅಂದೆ.

"ಆಸನದ ತಾವ ಯಾವೂರು?"

ಹಾಸನವೇ ಎನ್ನಬಹುದಿತ್ತು. ಖುಷಿಯಲ್ಲಿ ಹಳ್ಳಿಯ ಹೆಸರು ಹೇಳಿಬಿಟ್ಟೆ.

"ಅಯ್ ಶಿವ್ನೇ! ನಮ್ದು ಶಾಂತಿಗ್ರಾಮ. ನಮ್ಮಕ್ಕುನ್ನ ನಿಮ್ಮೂರ್ಗೇ ಕೊಟ್ಟಿರಾದು!" ಆತ ಅಪ್ಪನ ಪಕ್ಕದಲ್ಲೇ ಕೂತು, ಕೇಳದೆಯೇ ಇನ್ನೆರಡು ಸೌಟು ಸಾರು ಬಿಟ್ಟ. "ನಿಮ್ತಾವ ಕಾಸು ಈಸ್ಕಂಡ್ರೆ ನಮ್ಮಕ್ಕ ನನ್ನ ಸುಮ್ಕೆ ಬುಟ್ಟಾಳಾ? ಉಣ್ಣಿ, ಉಣ್ಣಿ. ಊರಲ್ಲಿ ಯಾರ ಪೈಕಿ ಯಜಮಾನ್ರೆ ನೀವು?"

ಅಪ್ಪನ ಕೈ ಮುದ್ದೆಯ ಮೇಲೆ ನಿಂತಿತು. ನನ್ನ ಮುಖ ನೋಡಲಿಲ್ಲ.

"ಮೇಲ್ಬೀದಿಯೋರು" ಅಂದ.

ನಮ್ಮೂರ ಮೇಲ್ಬೀದಿಯಲ್ಲಿ ಅಪ್ಪ ಚಪ್ಪಲಿ ಮೆಟ್ಟಿ ನಡೆದವನಲ್ಲ. ಅವನು ಸುಳ್ಳಾಡಿದ್ದನ್ನು ನಾನು ಕೇಳಿದ್ದೇ ಅದು ಮೊದಲು.

"ಅಂಗಾರೆ ನಮ್ಮೋರೇ ಬುಡಿ!" ಎಂದು ಆತ ಮೊಬೈಲ್ ತೆಗೆದ. ಬೇಡ ಎನ್ನುವಷ್ಟರಲ್ಲಿ ವಿಡಿಯೋ ಕಾಲ್ ಹೋಗಿಯಾಗಿತ್ತು. "ಅಕ್ಕಾ, ಯಾರ್ ಬಂದವ್ರೆ ನೋಡು, ನಿಮ್ಮೂರೋರು!" ಎಂದು ಫೋನನ್ನು ಅಪ್ಪನ ಮುಖಕ್ಕೆ ಹಿಡಿದ.

ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಒಬ್ಬಾಕೆ ಬಗ್ಗಿ ನೋಡಿದಳು.

"ಯಾರ್ಲಾ ಅದು... ಅಯ್, ಕಾಲೋನಿ ರಾಚಯ್ಯ ಅಲ್ವೇನ್ಲಾ? ಮಂಡೀಲಿ ಮೂಟೆ ಒರ್ತಿದ್ನಲ್ಲ! ಏನ್ ರಾಚಯ್ಯ, ಚೆಂದಾಗಿದ್ದಿಯಾ?"

ಅವಳ ದನಿಯಲ್ಲಿ ಕೆಡುಕೇನೂ ಇರಲಿಲ್ಲ.

"ಚೆಂದಾಗಿವ್ನಿ ಕಣವ್ವ" ಅಂದ ಅಪ್ಪ.

ಆತ ಫೋನ್ ಇಟ್ಟ. ಬೈಯಲಿಲ್ಲ, ಮುಖ ಸಿಂಡರಿಸಲೂ ಇಲ್ಲ. ಎದ್ದು ಒಲೆಯ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ನಿಂತ. ಅನ್ನ ಬಿಟ್ಟು ಏಳುವ ಅಭ್ಯಾಸ ಅಪ್ಪನಿಗಿಲ್ಲ. ಉಳಿದ ಮುದ್ದೆಯನ್ನು ತುತ್ತು ತುತ್ತಾಗಿ ನುಂಗಿದ. ನಾನು ಅದನ್ನು ನೋಡುತ್ತಾ ಕೂತಿದ್ದೆ. ನನ್ನ ಸಾರು ಆರಿಹೋಯಿತು.

ಎಂಜಲು ತಟ್ಟೆ ಹಾಕಲು ಮೂಲೆಯಲ್ಲಿ ಪ್ಲಾಸ್ಟಿಕ್ ಟಬ್ಬಿತ್ತು. ಎಲ್ಲರ ತಟ್ಟೆಗಳೂ ಅದರೊಳಗೇ. ಅಪ್ಪ ತಟ್ಟೆ ಹಿಡಿದು ಅದನ್ನು ದಾಟಿ ನಲ್ಲಿಗೆ ಹೋದ.

"ಅಪ್ಪ, ಅಲ್ಲೇ ಹಾಕ್ಬುಡು" ಎಂದೆ. ಅಪ್ಪ ನಲ್ಲಿ ತಿರುಗಿಸಿದ. ಒಳಗೆ, ಹೊರಗೆ, ಅಂಚಿಗೆಲ್ಲ ಬೆರಳಾಡಿಸಿ ತೊಳೆದ. ಅಂಗಡಿಯಾತ ಈಗ ತಿರುಗಿ ನೋಡುತ್ತಿದ್ದ. ಬುಡಿ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ.

"ಎಲ್ಲಿ ಮಡಗ್ಲಿ ಸಾ?" ಎಂದು ಅಪ್ಪ ಕೇಳಿದ.

ಆತ ಸೌಟಿನಲ್ಲೇ ಬಾಗಿಲಾಚೆ ತೋರಿಸಿದ. "ಅಲ್ಲೇ, ಆಚೆ ಕಟ್ಟೆ ಮ್ಯಾಲೆ."

ನಾನು ದುಡ್ಡು ಚಾಚಿದೆ, ಆತ ತೆಗೆದುಕೊಂಡ. ಕಚೇರಿಯಲ್ಲಿ ಬಾಯಿಬಡುಕಿ ಎಂದು ಹೆಸರಾದವಳು ನಾನು. ಅಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಅದರ ನಾಚಿಕೆ ಈಗಲೂ ಹೋಗಿಲ್ಲ.

ಎರಡು ಗಂಟೆಯ ಬಸ್ಸು ಹಿಡಿದೆವು. ಘಾಟಿ ಹತ್ತುವಾಗ ಮಳೆ ಜೋರಾಯಿತು. ಕಿಟಕಿಯ ಸಂದಿಯಿಂದ ನೀರು ಸೋರಿ ಅಪ್ಪನ ತೋಳು ನೆನೆಯುತ್ತಿತ್ತು. ಸರಿದು ಕೂತುಕೋ ಅಂದರೂ ಸರಿಯಲಿಲ್ಲ. "ನಾನೇ ಎಳ್ಕೊಂಡೋದೆ ಅಪ್ಪ, ತಪ್ಪಾಯ್ತು" ಅಂದೆ. "ಮುದ್ದೆ ಚೆಂದಾಗಿತ್ತು ಕಣವ್ವ" ಅಂದ ಅವನು.

ಮನೆ ಸೇರಿದಾಗ ಎಂಟು ಗಂಟೆ. ಅವ್ವ ಬಾಗಿಲಲ್ಲೇ ಕಾದಿದ್ದಳು. ಸಮುದ್ರದ ಸುದ್ದಿ ಕೇಳಲಿಲ್ಲ. "ಏನೇನ್ ಉಂಡ್ರಿ? ಕುಂತ್ಕಂಡು ಉಂಡ್ರಾ?" ಅಂದಳು.

ಅಪ್ಪ ಅಂಗಿ ಕಳಚಿ ಗೂಟಕ್ಕೆ ತಗುಲಿಸಿ, ಗೋಡೆಗೆ ಒರಗಿ ಕೂತ.

"ಅಲ್ಲೂ ಮುದ್ದೆ ಸಿಕ್ತು ಕಣಮ್ಮಿ. ನಮ್ಮ ಶಾಂತಿಗ್ರಾಮ್ದೋನೇಯ. ಪಕ್ದಲ್ಲೇ ಕುಂತು ಬಡುಸ್ದ. ನಾನು ತಟ್ಟೆ ಎತ್ತಾಕೋದ್ರೆ, ಎತ್ತಾಕೇ ಬುಡ್ಲಿಲ್ಲ ಕಣೆ."

ಅವ್ವನ ಮುಖ ಇಷ್ಟಗಲವಾಯಿತು. ನಂಬಲಾರದೆ ನನ್ನ ಕಡೆ ತಿರುಗಿದಳು. "ದಿಟವೇನೆ?"

ಅಪ್ಪ ನನ್ನನ್ನೇ ನೋಡುತ್ತಿದ್ದ.

"ಊಂ ಕಣವ್ವ" ಅಂದೆ. "ಎತ್ತೋಕೇ ಬಿಡ್ಲಿಲ್ಲ."