ಕೊಂಡಿ ಹಾಕಿದ ಎರಡು ದೇಶ

ಮೊನ್ನೆ ಬೆಟಗೇರಿಯ ಓಣಿಯೊಂದರಲ್ಲಿ ನೂಲಿಗೆ ಗಂಜಿ ಹಚ್ಚುತ್ತಿದ್ದರು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಹೈಸ್ಕೂಲಿನ ಸಮಾಜ ವಿಷಯದ ಮಾಸ್ತರು ನಮ್ಮ ಮನೆಯ ಮಗ್ಗದ ಮುಂದೆ ನಿಂತಿದ್ದ ಭಾನುವಾರ ನೆನಪಾಯಿತು...

ಮಾಸ್ತರು ಪಕ್ಕದ ಹಳ್ಳಿ ಬಿಂಕದಕಟ್ಟಿಯಿಂದ ಶಾಲೆಗೆ ಸೈಕಲ್ ತುಳಿದು ಬರುತ್ತಿದ್ದರು. ಪೇಪರಿನಲ್ಲಿ ಮೊದಲು ಹೊರದೇಶದ ಸುದ್ದಿ ಓದಿ, ಆಮೇಲೆ ಗದುಗಿನದು ಓದುವ ಮನುಷ್ಯ. ಸೋವಿಯತ್ ಒಕ್ಕೂಟ ಒಡೆದು ಬೇರೆಯಾಗಿದ್ದ ರಷ್ಯಾ ಮತ್ತು ಬೆಲಾರುಸ್ ಮತ್ತೆ ಕೂಡುವ ಒಪ್ಪಂದ ಮಾಡಿಕೊಂಡಾಗ, ಮನೆಯ ಅಣ್ಣತಮ್ಮಂದಿರೇ ರಾಜಿಯಾದಷ್ಟು ಹಿಗ್ಗಿದರು. ಎರಡೂ ಈಗ ಒಂದೇ ದೇಶ ಎಂದು ಹೇಳಿ, ನಕಾಶೆಯಲ್ಲಿ ನಡುವಿನ ಗೆರೆಯನ್ನು ನಮ್ಮ ಕೈಯಿಂದಲೇ ಅಳಿಸಿಹಾಕಿಸಿದರು. ಗದುಗಿನ ಭಾಷಣ ಸ್ಪರ್ಧೆಗೆ ನನಗೆ ಅದನ್ನೇ ಬರೆದುಕೊಟ್ಟರು. ನಮ್ಮ ಶಾಲೆಗೆ ಒಮ್ಮೆಯೂ ಬಹುಮಾನ ಬಂದಿರಲಿಲ್ಲ. ನಾನು ಬಾಯಿಪಾಠ ಮಾಡಿ ಸಜ್ಜಾಗಿದ್ದೆ.

ಸ್ಪರ್ಧೆಯ ಹಿಂದಿನ ದಿನ, ಆ ಭಾನುವಾರ, ಬೆವರು ಒರೆಸಿಕೊಳ್ಳುತ್ತ ನಮ್ಮ ಮನೆಗೆ ಬಂದರು. ತಾವು ಹೇಳಿದ್ದು ತಪ್ಪಂತೆ. ವ್ಯಾಪಾರಕ್ಕೆ, ನೌಕರಿಗೆ ಆ ಜನ ಆಚೀಚೆ ಸಲೀಸಾಗಿ ಓಡಾಡಬಹುದು. ಆದರೆ ಅಧ್ಯಕ್ಷರು ಬೇರೆ, ಸೈನ್ಯ ಬೇರೆ, ನೋಟು ಬೇರೆ. ಗೆರೆ ಅಳಿಸಿದ ಮಕ್ಕಳ ಮನೆಗೆಲ್ಲ ಹೋಗಿ ಇದನ್ನು ಹೇಳಿ ಬಂದಿದ್ದರು. ನನ್ನದು ಕೊನೆಯ ಮನೆ. ನನಗೆ ಅಳುವೂ ಬಂತು, ಸಿಟ್ಟೂ ಬಂತು.

ಅವ್ವ ಆಗ ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಿದ್ದಳು. ಮಾಸ್ತರು ಅದನ್ನೇ ನೋಡುತ್ತ ನಿಂತರು. ಇಷ್ಟು ಬಿಗಿಯಾಗಿ ಕೂಡಿಸಿದ ಮೇಲೂ ಎರಡರ ಬಣ್ಣ ಬೆರೆಯುವುದಿಲ್ಲವೇ ಎಂದು ಕೇಳಿದರು.

"ಕೊಂಡಿ ಹಾಕಿದ್ರ ಸೀರಿ ಕೂಡತೈತ್ರಿ. ಸೆರಗಿನ ಕೆಂಪು ಸೆರಗಿಗೇ, ಒಡಲಿನ ಹಸರು ಒಡಲಿಗೇ," ಅಂದಳು ಅವ್ವ.

ಮಾಸ್ತರ ಮುಖ ಅರಳಿತು. ನಾಳೆ ಇಷ್ಟನ್ನೇ ಹೇಳು ಎಂದು ನನ್ನ ತಲೆ ನೇವರಿಸಿ ಹೋದರು.

ಹೇಳಿದೆ. ಆದರೆ ಹಳೆಯ ಭಾಷಣದ ಪ್ರತಿ ತೀರ್ಪುಗಾರರ ಕೈ ಸೇರಿಬಿಟ್ಟಿತ್ತು. ಬರೆದದ್ದೊಂದು, ಹೇಳುತ್ತಿರುವುದೊಂದು, ಮರೆತೆಯೇನು ಎಂದರು. ಸಭೆ ನಕ್ಕಿತು. ಮಾಸ್ತರ ತಪ್ಪನ್ನು ಅಷ್ಟು ಜನರೆದುರು ಹೇಳಲು ನನಗೆ ಬಾಯಿ ಬರಲಿಲ್ಲ. ಹಿಂದಿನ ಸಾಲಿನಲ್ಲಿ ಅವರೇ ಎದ್ದು ನಿಂತರು.

"ಆಕಿ ಮರ್ತಿಲ್ರಿ. ಬರದು ಕೊಟ್ಟಾಂವ ನಾನು, ತಪ್ಪು ನಂದು. ಹುಡುಗಿ ಹೇಳಿದ್ದು ಖರೆ ಐತಿ."

ಊರಿನ ಎಲ್ಲ ಶಾಲೆಗಳ ಮಾಸ್ತರರು ಕೂತಿದ್ದ ಸಭೆ ಅದು. ಬಹುಮಾನ ಬರಲಿಲ್ಲ. ಆದರೂ ಬೆಟಗೇರಿಯ ನಮ್ಮ ಮನೆಯವರೆಗೆ ನಾನು ತಲೆ ಎತ್ತಿಕೊಂಡೇ ನಡೆದೆ. ಇವರು ನಮ್ಮ ಮಾಸ್ತರು ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಬೇಕೆನಿಸುತ್ತಿತ್ತು. ಆ ಹೆಮ್ಮೆ ಇವತ್ತಿಗೂ ಇಳಿದಿಲ್ಲ.

ಆ ದೇಶಗಳ ಕೂಡಿಕೆ ಇನ್ನೂ ಪೂರ್ತಿಯಾಗಿಲ್ಲ. ನಾನೀಗ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಕಳೆದ ವಾರ ಯಾವುದೋ ಒಪ್ಪಂದದ ಬಗ್ಗೆ ತಪ್ಪು ಹೇಳಿ, ಮರುದಿನ ತರಗತಿಯಲ್ಲಿ ಒಪ್ಪಿಕೊಂಡೆ. ಹುಡುಗರು ಮುಸಿಮುಸಿ ನಕ್ಕರು. ನನಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. ಸಂಜೆ ಮಾಸ್ತರಿಗೆ ಇದನ್ನು ಹೇಳೋಣವೆಂದು ಫೋನ್ ಕೈಗೆತ್ತಿಕೊಂಡೆ... ಅವರು ತೀರಿಹೋಗಿ ಮೂರು ವರ್ಷವಾಗಿದೆ.