ಮಾವನವರು ಕಂಡ ಪಟ್ಟು

ಫೈನಲ್ ಪಂದ್ಯದಲ್ಲಿ ಗೆದ್ದವನು ಸೋತವನನ್ನು ಎಬ್ಬಿಸಿ, ಎಲ್ಲರೆದುರೇ ಮುತ್ತಿಟ್ಟ. ಇಬ್ಬರೂ ಗಂಡಸರು. ನನಗೆ ಪ್ರಾಣವಾದ ಜಪಾನಿ ಕುಸ್ತಿ ಅನಿಮೆ, ಅಂದರೆ ಕಾರ್ಟೂನ್ ಸರಣಿ, ಅದು. ಸದಾ ಕೋಣೆಯ ಬಾಗಿಲು ಹಾಕಿಕೊಂಡೇ ನೋಡುತ್ತಿದ್ದೆ. ಅಂದು ಸೆಕೆಯೆಂದು ಫೋನ್ ಹಿಡಿದು ಜಗಲಿಯಲ್ಲಿ ಕೂತಿದ್ದೆ. ತಿರುಗಿದರೆ ಬೆನ್ನ ಹಿಂದೆ ಮಾವನವರು, ಕಳಲೆ ಊರಿನ ಹಳೆಯ ಪೈಲ್ವಾನರು. ಗಾಬರಿಯಲ್ಲಿ ಫೋನ್ ಮಗುಚಿಟ್ಟೆ.

“ಮುಚ್ಚಬ್ಯಾಡ ಕಣವ್ವ, ಇನ್ನೊಂದ್ಸಲ ಆಕು,” ಎಂದರು. “ಕೆಡವೋವಾಗ ಅವನ ತಲೆ ನೆಲಕ್ಕೆ ಬಡೀದಂಗೆ ಕೈ ಕೊಟ್ಟವ್ನೆ. ಇವ್ನಿಗೆ ಅವ್ನ ಮ್ಯಾಲೆ ಜೀವ ಅಂತ ನಾನು ಆಗ್ಲೇ ಅಂದ್ಕಂಡೆ.”

ಮತ್ತೆ ನೋಡಿದರು. ಆಮೇಲೆ ಗರಡಿಯ ಮಣ್ಣು ಮುಟ್ಟಿ ನಮಸ್ಕರಿಸುವ ಹಾಗೆ ಪರದೆ ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡರು.

ಅಂದಿನಿಂದ ಆ ಅನಿಮೆಯನ್ನು ನಾನು ಬಾಗಿಲು ಹಾಕಿಕೊಂಡು ನೋಡಿಲ್ಲ.