ಆ ಅರ್ಧ ಗಂಟೆಯ ಕರೆಂಟು

ನಮ್ಮ ಭಾವ ಇರುವ ಮನೆಯಲ್ಲಿ ಯಾರೂ ಎರಡು ಸ್ವಿಚ್ ಒಟ್ಟಿಗೆ ಹಾಕುವ ಹಾಗಿರಲಿಲ್ಲ. ಮಿಕ್ಸಿ ತಿರುಗುತ್ತಿದ್ದರೆ ಇಸ್ತ್ರಿಪೆಟ್ಟಿಗೆ ಕಾಯಬೇಕು, ಇಸ್ತ್ರಿ ನಡೆದಿದ್ದರೆ ಗೀಸರ್ ಕಾಯಬೇಕು. ಇಲ್ಲದಿದ್ದರೆ ಒಳಗಿನಿಂದ "ಒಂದೊಂದಾಗಿ" ಎಂದು ಭಾವನ ದನಿ ಬರುತ್ತಿತ್ತು. ಕೆಲಸದ ಕಡೆ ಅವರ ಹೆಸರೇ ಒಂದೊಂದಣ್ಣ. ಅವರು ಅಕ್ಕನನ್ನು ಮದುವೆಯಾದ ಹೊಸದರಲ್ಲಿ ನಾನು, ಮಲಗುವಾಗ ಎರಡೂ ಕಣ್ಣು ಒಟ್ಟಿಗೆ ಮುಚ್ಚುತ್ತೀರೋ ಒಂದೊಂದಾಗಿಯೋ ಎಂದು ಅವರನ್ನು ಕೇಳಿದ್ದೆ. ಅವರು ಬಹಳ ಹೊತ್ತು ಯೋಚಿಸಿ ಆಮೇಲೆ ನಕ್ಕರು.

ಭಾವ ಒಂದು ದೊಡ್ಡ ಲಾಂಡ್ರಿಯಲ್ಲಿ ಎಲೆಕ್ಟ್ರಿಷಿಯನ್. ಊರಿನ ದೊಡ್ಡಾಸ್ಪತ್ರೆಯ ಬೆಡ್‌ಶೀಟುಗಳನ್ನೆಲ್ಲ ಅಲ್ಲೇ ಒಗೆದು, ಒಣಗಿಸಿ, ಮಡಿಸುತ್ತಿದ್ದರು. ಬಟ್ಟೆ ಒಣಗಿಸುವ ಡ್ರೈಯರುಗಳು ಒಂದೊಂದೂ ಕೋಣೆಯಷ್ಟು ದೊಡ್ಡವು. ಕರೆಂಟು ಕುಡಿಯುವುದರಲ್ಲಿ ಬಕಾಸುರರು.

ನಮ್ಮ ನಿಮ್ಮ ಮನೆಯ ಬಿಲ್ಲು ನೇರ, ಉರಿಸಿದಷ್ಟಕ್ಕೆ ದುಡ್ಡು. ದೊಡ್ಡ ಗಿರಾಕಿಗಳದು ಹಾಗಲ್ಲ. ಒಟ್ಟು ಎಷ್ಟು ಉರಿಸಿದಿರಿ ಎಂಬುದಕ್ಕೆ ಒಂದು ದರ, ಒಂದೇ ಹೊತ್ತಿಗೆ ಎಷ್ಟು ಎಳೆದಿರಿ ಎಂಬುದಕ್ಕೆ ಇನ್ನೊಂದು. ಮೀಟರು ಪ್ರತಿ ಅರ್ಧ ಗಂಟೆಯನ್ನೂ ಬೇರೆ ಬೇರೆ ಅಳೆಯುತ್ತದೆ. ಎಲ್ಲಕ್ಕಿಂತ ಭಾರವಾದ ಅರ್ಧ ಗಂಟೆ ಯಾವುದೋ ಅದರ ಮೇಲೆ ತಿಂಗಳ ಬಿಲ್ಲು ನಿಲ್ಲುತ್ತದೆ. ನಮ್ಮ ಕಡೆಯ ಕರೆಂಟು ಕಂಪನಿಯ ನಿಯಮದಲ್ಲಂತೂ ಆ ಭಾರ ಮುಂದೆ ಒಂದು ವರ್ಷ ಬೆನ್ನು ಬಿಡುವುದಿಲ್ಲ. ಒಂದು ದಿನ ಮನೆ ತುಂಬ ನೆಂಟರು ಬಂದರೆಂದು ತಂದ ಹಂಡೆಗೆ, ನೆಂಟರು ಹೋದ ಮೇಲೂ ವರ್ಷವಿಡೀ ಬಾಡಿಗೆ ಕಟ್ಟಿದ ಹಾಗೆ. ನೀವು ಯಾವಾಗ ಅಷ್ಟು ಎಳೆದರೂ ಕೊಡಲು ನಾವು ತಂತಿ ಎಳೆದು ಕಾದಿರಬೇಕಲ್ಲ ಎನ್ನುತ್ತಾರೆ ಕಂಪನಿಯವರು. ನ್ಯಾಯವಾಗಿಯೇ ಇದೆ, ಹಾಳಾದ್ದು.

ಅದಕ್ಕೇ ಲಾಂಡ್ರಿಯಲ್ಲಿ ಒಂದು ಪದ್ಧತಿ. ಕರೆಂಟು ಹೋದ ಕೂಡಲೇ ಅಲ್ಲಿ ಕೆಲಸ ಮಾಡುವ ಪ್ರತಿಯೊಬ್ಬ ಹೆಂಗಸೂ ತನ್ನ ಯಂತ್ರದ ಸ್ವಿಚ್ ಆರಿಸಿ ಕೈ ಎತ್ತಬೇಕು. ಕರೆಂಟು ಬಂದ ಮೇಲೆ ಭಾವ ನಡುವೆ ನಿಂತು ಬೆರಳು ತೋರಿಸಿದವರು ಮಾತ್ರ ಹಾಕಬೇಕು. ಒಂದು ಡ್ರೈಯರಿನ ಸುತ್ತು ಮುಗಿಯದೆ ಇನ್ನೊಂದಿಲ್ಲ. ಫ್ಯೂಸ್ ಹೋಗುತ್ತದೆಂದು ಹೀಗೆ ಮಾಡಿಸುತ್ತಾರೆ ಎಂದೇ ಹೆಂಗಸರೆಲ್ಲ ನಂಬಿದ್ದರು. ಭಾವ ತಿದ್ದಲಿಲ್ಲ. ಮುಚ್ಚಿಟ್ಟಿದ್ದೇನಲ್ಲ, ಮಾತಿನಲ್ಲಿ ಅವರು ಮೊದಲೇ ಬಡವರು.

ಆ ವರ್ಷ ಲಾಂಡ್ರಿಯ ಯಜಮಾನರು ಆಸ್ಪತ್ರೆಯ ಗುತ್ತಿಗೆ ಕೈತಪ್ಪಬಾರದೆಂದು ದರ ತೀರ ಇಳಿಸಿದ್ದರು. ಬಿಲ್ಲು ಏರಿದರೆ ಲಾಂಡ್ರಿಗೆ ಬೀಗ ಹಾಕುವುದೊಂದೇ ದಾರಿ ಎಂದು ಭಾವನಿಗೆ ಹೇಳಿದ್ದರು. ಅಲ್ಲಿಂದ ಭಾವ ಊಟಕ್ಕೂ ಯಂತ್ರಗಳ ನಡುವೆಯೇ ಕೂರತೊಡಗಿದರು. ಅಷ್ಟೂ ಹೆಂಗಸರ ಮನೆಯ ಒಲೆ ತಮ್ಮ ಬೆರಳ ತುದಿಯಲ್ಲಿ ಉರಿಯುತ್ತಿದೆ ಎಂದು ಅವರಿಗೆ ಗೊತ್ತಿತ್ತು.

ಆಗಲೇ ಅಕ್ಕನಿಗೆ ಹೊಟ್ಟೆಯ ಆಪರೇಷನ್ ಆಯಿತು, ಅದೇ ಆಸ್ಪತ್ರೆಯಲ್ಲಿ. ಜೊತೆಗೆ ನಾನಿದ್ದೆ. ವಾರ್ಡಿನಲ್ಲಿ ಶೀಟುಗಳಿರಲಿಲ್ಲ. ಬೆಳಿಗ್ಗೆಯಿಂದ ಲಾಂಡ್ರಿಯಲ್ಲಿ ಕರೆಂಟಿಲ್ಲವಂತೆ. ಅಕ್ಕ ಬರೀ ರೆಕ್ಸಿನ್ ಹಾಸಿಗೆಯ ಮೇಲೆ ಬೆನ್ನು ಅಂಟಿಸಿಕೊಂಡು ಮಲಗಿದ್ದಳು. ಡಾಕ್ಟರು ಕರೆದರೆಂದು ಭಾವ ಓಡಿ ಬಂದರು. ಬರುವಾಗ ಲಾಂಡ್ರಿಯ ಹೆಂಗಸರಲ್ಲಿ ಹಿರಿಯಳಾದ, ಎಲ್ಲರೂ ದೊಡ್ಡಮ್ಮ ಎಂದು ಕರೆಯುವವಳಿಗೆ ಒಂದೊಂದಾಗಿ ಎಂದು ಹೇಳಿಯೇ ಬಂದಿದ್ದರು.

ಮಧ್ಯಾಹ್ನ ವ್ಯಾನು ಬಂತು. ದೊಡ್ಡಮ್ಮ ತಾನೇ ಅದರಲ್ಲಿ ಕೂತು ಬಂದಿದ್ದಳು. ಎರಡು ಶೀಟುಗಳನ್ನು ಎದೆಗವಚಿಕೊಂಡು ವಾರ್ಡಿಗೆ ಬಂದಳು. ಭಾವ ಕೈಗೆ ತೆಗೆದುಕೊಂಡರು. ಶೀಟು ಇನ್ನೂ ಬಿಸಿಯಾಗಿತ್ತು. ಕರೆಂಟು ಬಂದು ಎಷ್ಟು ಹೊತ್ತಾಯಿತೆಂದು ಕೇಳಿದರು. ಈಗಷ್ಟೇ, ಒಂದು ತಾಸೂ ಆಗಿಲ್ಲ ಎಂದಳು. ಭಾವ ಕಿಟಕಿಗೆ ಹೋಗಿ ಕೆಳಗೆ ನೋಡಿದರು. ವ್ಯಾನಿನ ತುಂಬ ಶೀಟುಗಳಿದ್ದವು.

"ನಿನ್ ಹೆಂಡ್ತಿ ಬರೀ ಹಾಸಿಗೆ ಮೇಲೆ ಮಲಗಿದಾಳೆ ಅಂತ, ಕೊಳೆ ಶೀಟು ತರೋಕೆ ಬಂದಿದ್ದ ವ್ಯಾನ್ ಡ್ರೈವರ್ ಫೋನ್ ಮಾಡಿದ್ದ ಕಣಪ್ಪ. ನಮಗೆ ಕೈ ಕಟ್ಕೊಂಡು ಕೂರೋಕಾಗ್ಲಿಲ್ಲ. ಎಲ್ಲಾ ಒಟ್ಟಿಗೇ ಹಾಕಿದ್ವಿ," ಎಂದಳು ದೊಡ್ಡಮ್ಮ. ಅವಳ ಮುಖ ಹಿಗ್ಗಿನಿಂದ ಅರಳಿತ್ತು. "ಹೆದ್ರಬೇಡ. ಮುಗಿಯೋವರೆಗೂ ಫ್ಯೂಸ್ ಮುಂದೆ ನಾನೇ ನಿಂತು ಕಾದಿದೀನಿ. ಏನೂ ಆಗಿಲ್ಲ."

ಭಾವ ಶೀಟಿನ ಮಡಿಕೆ ಬಿಚ್ಚಿದರು. "ಒಳ್ಳೇದಾಯ್ತು ದೊಡ್ಡಮ್ಮ," ಎಂದರು. ನಾವು ಮೂವರೂ ಸೇರಿ ಅಕ್ಕನನ್ನು ಮೆಲ್ಲಗೆ ಹೊರಳಿಸಿ ಶೀಟು ಹಾಸಿದೆವು. ಬೆಚ್ಚಗಿದೆ ಎಂದು ಅಕ್ಕ ಕಣ್ಣು ಮುಚ್ಚಿದಳು.

ಆ ಅರ್ಧ ಗಂಟೆಯ ಭಾರ ಹೊತ್ತು ಬಿಲ್ಲು ಬಂತು. ಯಜಮಾನರು ಕಂಪನಿಯ ಕಚೇರಿಗೆ ಹೋಗಿ ಅಂಗಲಾಚಿದರು. ಅಲ್ಲಿದ್ದಾತ ಒಳ್ಳೆಯ ಮನುಷ್ಯನೇ, ಕೂರಿಸಿ ನೀರು ಕೊಟ್ಟನಂತೆ. ಆದರೆ ಯಾಕೆ ಎಳೆದಿರಿ ಎಂದು ಮೀಟರು ಕೇಳುವುದಿಲ್ಲವಲ್ಲ ಎಂದನಂತೆ. ಯಾರ ತಪ್ಪು ಎಂದು ಯಜಮಾನರು ಕೇಳಿದಾಗ ಭಾವ, ನನ್ನದು ಎಂದರು. ಕೆಲವೇ ತಿಂಗಳಲ್ಲಿ ಲಾಂಡ್ರಿಗೆ ಬೀಗ ಬಿತ್ತು.

ಹೆಂಗಸರು ಒಂದೊಂದು ದಿಕ್ಕಾದರು. ಕರೆಂಟಿನವನ ತಪ್ಪಿಗೆ ತಮ್ಮ ಹೊಟ್ಟೆಯ ಮೇಲೆ ಬರೆ ಬಿತ್ತು ಎಂಬ ಮಾತು ಬೀದಿಯಲ್ಲಿ ಓಡಾಡಿತು. ದೊಡ್ಡಮ್ಮ ಎದುರು ಸಿಕ್ಕರೂ ಮುಖ ತಿರುಗಿಸುತ್ತಾಳೆ. ನಿಜ ಹೇಳಿಬಿಡುತ್ತೇನೆಂದು ನಾನು ಒಮ್ಮೆ ಸಿಟ್ಟಿನಿಂದ ಹೊರಟೆ. ಭಾವ ಬಾಗಿಲಿಗೆ ಅಡ್ಡ ನಿಂತರು.

"ಬೇಡಮ್ಮ. ನನ್ನ ಬೈಕೊಂಡಾದ್ರೂ ನೆಮ್ಮದಿಯಾಗಿರ್ಲಿ. ನಿಮ್ಮಕ್ಕನಿಗೆ ಆ ಶೀಟು ಒಣಗ್ಸಿ ತಂದಿದ್ದು ಅವ್ರು."

ನನಗೆ ಆ ಮನುಷ್ಯನ ಮೇಲೆ ಈಗಲೂ ಸಿಟ್ಟಿದೆ.

ಅಕ್ಕ ಚೇತರಿಸಿಕೊಂಡಳು. ಭಾವ ಒಳಗಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತವರು ಏಳುವುದು ಕಡಿಮೆ. ಹೊಸ ಕೆಲಸ ಹುಡುಕಲಿಲ್ಲ, ನನ್ನ ಕುಚೋದ್ಯಕ್ಕೂ ನಗುವುದಿಲ್ಲ. ಮೊನ್ನೆ ನಾನು ಹೋದಾಗ ಅಕ್ಕ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದಳು. ಅದು ತಿರುಗುತ್ತಿರುವಾಗಲೇ ಇಸ್ತ್ರಿಪೆಟ್ಟಿಗೆ ಹಾಕಿದಳು. ಆಮೇಲೆ ಗೀಸರ್, ಆಮೇಲೆ ಫ್ಯಾನು, ಹಗಲಲ್ಲೇ ಎಲ್ಲ ದೀಪ. ಅರೆಯಲು ಏನೂ ಇರಲಿಲ್ಲ. ಮಿಕ್ಸಿ ಬರಿದೇ ಅರಚುತ್ತಿತ್ತು. ಅಕ್ಕ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು ಒಳಗಿನ ಕೋಣೆಯ ಕಡೆಗೇ ನೋಡುತ್ತ ನಿಂತಳು.

ಒಳಗಿನಿಂದ ಯಾವ ದನಿಯೂ ಬರಲಿಲ್ಲ.